ಒಳಗೆ 1848 ಅಂತ ಇರುವ ಗಾಜಿನ ಪೇಪರ್‌ವೇಟ್, ಯಾರು ಮಾಡಿದ್ದು?

ಮಂಡಿಪೇಟೆ_ಮೊಮ್ಮಗ:
ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ. ತಾತ ಇಲ್ಲಿನ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತರಾಗಿದ್ದರು. ಅವರ ಮೇಜಿನ ಮೇಲಿದ್ದ ಪೇಪರ್‌ವೇಟ್ ಈಗ ನನ್ನ ಕೈಗೆ ಬಂದಿದೆ. ಮೂರು ಇಂಚು ಅಗಲ, ಒಳ್ಳೇ ಭಾರ. ತಳದಲ್ಲಿ ಚಿಕ್ಕ ಚಿಕ್ಕ ಹೂವಿನಂಥ ಬಿಲ್ಲೆಗಳು ಒಂದರ ಸುತ್ತ ಒಂದು ಸುತ್ತಾಗಿ ಕೂತಿವೆ. ನೀಲಿ, ಬಿಳಿ, ತಿಳಿ ಗುಲಾಬಿ ಬಣ್ಣ. ಹೊರಗಿನ ಸುತ್ತಿನಲ್ಲಿ ಒಂದು ಕಡೆ 1848 ಅಂತ ಇದೆ.

ಚಿಕ್ಕಪ್ಪ ಇದು ಲಂಡನ್ನಿನದು, ಗಿರಣಿಯ ದೊರೆ ಕೊಟ್ಟಿದ್ದು ಅಂತಾರೆ. ಹಳೇ ಸಾಮಾನು ಕೊಳ್ಳುವವನೊಬ್ಬ ಫೋಟೋ ನೋಡಿದವನೇ ಫ್ರಾನ್ಸಿನ ಬಕಾರಾ ಗಾಜಿನ ಕಾರ್ಖಾನೆಯದು, ಕೂಡಲೇ ಕೊಡಿ ಅಂತ ದಿನಾ ಫೋನ್ ಮಾಡ್ತಿದ್ದಾನೆ. ಇವರಿಬ್ಬರಲ್ಲಿ ಯಾರ ಮಾತು ನಂಬೋದು?

ಮಿರ್ಚಿಗಿರ್ಮಿಟ್:
ಅಣ್ಣ, ಗಾಜಿನ ಊರು ಫಿರೋಜಾಬಾದಿನದು ಇರುತ್ತೆ ಬಿಡಿ. ನಮ್ಮ ದಲ್ಲಾಳಿ ಅಂಗಡೀಲಿ ಫ್ಯಾನಿನ ಗಾಳಿಗೆ ಬಿಲ್ಲು ಹಾರಬಾರದು ಅಂತ ಅಂಥವು ಸಾಲಾಗಿ ಇಟ್ಟಿರ್ತಾರೆ. 1848 ಅನ್ನೋದು ಸುಮ್ನೆ ಡಿಸೈನ್.

ಗಾಜಿನಹುಚ್ಚು:
ಫಿರೋಜಾಬಾದಿನ ಆಫೀಸ್ ಪೇಪರ್‌ವೇಟ್‌ನಲ್ಲಿ ಸಾಮಾನ್ಯವಾಗಿ ಗುಳ್ಳೆ ಇರುತ್ತೆ, ಇಲ್ಲಾ ಒಂದೇ ಒಂದು ದೊಡ್ಡ ಬಣ್ಣದ ಹೂವು. ಇಲ್ಲಿರೋದು ಮಿಲ್ಲೆಫಿಯೋರಿ. ಬಣ್ಣಬಣ್ಣದ ಗಾಜಿನ ಕಡ್ಡಿ ಎಳೆದು, ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಜೋಡಿಸಿ, ಮೇಲೆ ಕರಗಿದ ಗಾಜು ತುಂಬೋದು. ಸುತ್ತುಗಳು ನೆಟ್ಟಗೆ ಕೂರಬೇಕಾದರೆ ಕೈ ಪಳಗಿರಬೇಕು.

ಆ ವ್ಯಾಪಾರಿಗೆ ಸದ್ಯಕ್ಕೆ ಫೋನ್ ಎತ್ತಬೇಡಿ. 1848 ಅಂತ ಕಂಡ ತಕ್ಷಣ ಬಕಾರಾ ಅನ್ನೋದು ಹಳೇ ಚಾಳಿ. ಫ್ರಾನ್ಸಿನ ಮೂರು ದೊಡ್ಡ ಹೆಸರು ಬಕಾರಾ, ಸಾಂ ಲೂಯಿ, ಕ್ಲಿಷಿ. ಮೂವರೂ 1845ರಿಂದ ಸುಮಾರು 1860ರವರೆಗೆ ಬಹಳ ಒಳ್ಳೇ ಪೇಪರ್‌ವೇಟ್ ಮಾಡಿದರು. ಬಕಾರಾದವರು ವರ್ಷ ಹಾಕಿದ್ದು ನಿಜ, ಆದರೆ ಅದರ ಜೊತೆ ಸಾಮಾನ್ಯವಾಗಿ ‘ಬಿ’ ಅಕ್ಷರ ಇರುತ್ತೆ. ಅಂಕಿಗಳೂ ಒಂದೊಂದು ಬೇರೆ ಬಣ್ಣ. ಬಿಲ್ಲೆಗಳ ನಡುವೆ ಕೋಳಿ, ಆನೆ, ನಾಯಿ ಥರ ಚಿಕ್ಕ ಆಕಾರಗಳು ಸಿಗಬಹುದು. ಸಾಂ ಲೂಯಿಯಾದರೆ ‘ಎಸ್ ಎಲ್’. ಕ್ಲಿಷಿ ಗುರುತು ಒಂದು ಪುಟ್ಟ ಗುಲಾಬಿ.

ಇನ್ನು ಲಂಡನ್ ಕಥೆ. ಅಲ್ಲಿನ ವೈಟ್‌ಫ್ರೈಯರ್ಸ್ ಗಾಜಿನ ಕಾರ್ಖಾನೆಯ ಹೆಸರಲ್ಲಿ 1848 ಅಂತ ಬರೆದ ಪೇಪರ್‌ವೇಟ್, ಇಂಕಿನ ಕುಡಿಕೆ ಎಷ್ಟೋ ಕಾಲ ಮಾರಾಟವಾದವು. ಆಮೇಲೆ ಗೊತ್ತಾಗಿದ್ದು, ಅವು ಬರ್ಮಿಂಗ್‌ಹ್ಯಾಮಿನ ಆರ್ಕ್ಯುಲಸ್, ವಾಲ್ಷ್ ವಾಲ್ಷ್ ಅನ್ನೋ ಎರಡು ಕಾರ್ಖಾನೆಗಳವು, 20ನೇ ಶತಮಾನದವು ಅಂತ. ನಿಜವಾದ ವೈಟ್‌ಫ್ರೈಯರ್ಸ್ 1953ರಲ್ಲಿ ರಾಣಿಯ ಪಟ್ಟಾಭಿಷೇಕಕ್ಕೆ ಮಾಡಿದವು ಇವೆ. 1970ರ ದಶಕದವುಗಳಲ್ಲಿ ಬಿಳಿ ನಿಲುವಂಗಿಯ ಸನ್ಯಾಸಿಯ ಗುರುತು, ಪಕ್ಕದಲ್ಲಿ ವರ್ಷ. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು.

ವಾಚ್ ರಿಪೇರಿಯವರು ಕಣ್ಣಿಗೆ ಹಾಕಿಕೊಳ್ಳೋ ಲೆನ್ಸ್ ಹಿಡಿದು ಒಂದೊಂದೇ ಬಿಲ್ಲೆ ನೋಡಿ. ಅಕ್ಷರ, ಪ್ರಾಣಿ, ಗುಲಾಬಿ ಏನಾದರೂ ಇದೆಯಾ? ತಳದ ಫೋಟೋನೂ ಹಾಕಿ. ಜನ ಮೇಲಿನದೇ ಹತ್ತು ಫೋಟೋ ಹಾಕ್ತಾರೆ, ತಳ ಒಂದೂ ತೋರಿಸಲ್ಲ. ಅರ್ಧ ಉತ್ತರ ಇರೋದೇ ಅಲ್ಲಿ.

ದುರ್ಗದಬಂಡೆ:
ಚಿತ್ರದುರ್ಗದಿಂದ. ಗಾಜಿನ ಜಾತಿ ತಿಳಿಯೋಕೆ ಸುಲಭದ ದಾರಿ ಇದೆ. ಚಿನ್ನದಂಗಡಿಯ ತಕ್ಕಡಿಯಲ್ಲಿ ಒಮ್ಮೆ ಹಾಗೇ ತೂಗಿಸಿ. ಆಮೇಲೆ ದಾರ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ, ಪಾತ್ರೆಗೆ ತಾಗದ ಹಾಗೆ ತೂಗಿಸಿ. ಎಷ್ಟು ಕಡಿಮೆ ಬಂತೋ ಅದರಿಂದ ಮೊದಲ ತೂಕ ಭಾಗಿಸಿ. ಸಾಮಾನ್ಯ ಗಾಜಾದರೆ 2.5ರ ಆಸುಪಾಸು. ಸೀಸ ಬೆರೆಸಿದ ಗಾಜಾದರೆ 3 ದಾಟುತ್ತೆ.

ಗಾಜಿನಹುಚ್ಚು:
@ದುರ್ಗದಬಂಡೆ ಒಳ್ಳೇ ಸಲಹೆ ಅಣ್ಣ. ಆದರೆ ಫ್ರಾನ್ಸಿನ ಬಕಾರಾ, ಸಾಂ ಲೂಯಿಯವರೂ ಸೀಸದ ಗಾಜೇ ಬಳಸಿದ್ದು, ಇಂಗ್ಲೆಂಡಿನವರೂ ಅದೇ. ಅಗ್ಗದ ನಕಲು ಪಕ್ಕಕ್ಕೆ ಸರಿಸೋಕೆ ಸಾಕು, ಅವರಿಬ್ಬರನ್ನು ಬೇರೆ ಮಾಡೋಕೆ ಆಗಲ್ಲ.

ಮಂಡಿಪೇಟೆ_ಮೊಮ್ಮಗ:
ಪರಿಚಯದ ಚಿನ್ನದಂಗಡಿಯವರು ನಕ್ಕರೂ ತೂಗಿ ಕೊಟ್ಟರು. ಹಾಗೇ 589 ಗ್ರಾಂ, ನೀರಲ್ಲಿ 399. ಅಂದರೆ 3.1.

ಲೆನ್ಸಲ್ಲಿ ಎಲ್ಲಾ ಬಿಲ್ಲೆ ನೋಡಿದೆ. ಅಕ್ಷರ ಇಲ್ಲ, ಪ್ರಾಣಿ ಇಲ್ಲ, ಸನ್ಯಾಸಿನೂ ಇಲ್ಲ. ಹೆಚ್ಚಿನವು ನಕ್ಷತ್ರ, ಹಲ್ಲಿನ ಚಕ್ರದಂಥವು. 1848 ಒಂದೇ ಬಣ್ಣದಲ್ಲಿದೆ. ತಳದ ಫೋಟೋ ಕೆಳಗೆ ಹಾಕಿದ್ದೇನೆ, ನಡುವೆ ನುಣ್ಣಗೆ ಉಜ್ಜಿದ ಗುಳಿ ಇದೆ, ಸುತ್ತ ಸಣ್ಣ ಗೀರು.

ಗಾಜಿನಹುಚ್ಚು:
ಹಾಗಾದರೆ ಫಿರೋಜಾಬಾದ್ ಬಿಡಿ. ಬಕಾರಾನೂ ಬಿಡಿ, ‘ಬಿ’ ಇಲ್ಲ, ಅಂಕಿಗಳ ಬಣ್ಣವೂ ಒಂದೇ. ಸೀಸದ ಗಾಜು, ಅಚ್ಚುಕಟ್ಟಾದ ಸುತ್ತುಗಳು, ಅಕ್ಷರ ಇಲ್ಲದ 1848. ನನ್ನ ಲೆಕ್ಕದಲ್ಲಿ ಬರ್ಮಿಂಗ್‌ಹ್ಯಾಮ್. ಆ ಎರಡರಲ್ಲಿ ಯಾವ ಕಾರ್ಖಾನೆ ಅಂತ ಫೋಟೋ ನೋಡಿ ಆಣೆ ಮಾಡಿ ಹೇಳೋರನ್ನು ನಾನಂತೂ ನಂಬಲ್ಲ. ಬಿಲ್ಲೆಗಳನ್ನು ಖಚಿತವಾಗಿ ಗೊತ್ತಿರುವ ತುಂಡುಗಳ ಪಕ್ಕ ಇಟ್ಟು ನೋಡಬೇಕು. ಚಿಕ್ಕಪ್ಪನ ಕಥೆ ಸುಳ್ಳಾಗಬೇಕಿಲ್ಲ, ಬರ್ಮಿಂಗ್‌ಹ್ಯಾಮಿನ ಮಾಲು ಲಂಡನ್ ಅಂಗಡೀಲಿ ಸಿಕ್ಕಿರಬಹುದಲ್ವಾ.

ಮಿರ್ಚಿಗಿರ್ಮಿಟ್:
ಸರಿ, ಫಿರೋಜಾಬಾದ್ ವಾಪಸ್ ತಗೊಂಡೆ. ರೇಟು ಎಷ್ಟಾಗುತ್ತೆ ಅಕ್ಕ?

ಗಾಜಿನಹುಚ್ಚು:
ಫ್ರಾನ್ಸಿನ ಹಳೇದಕ್ಕೆ ಬರುವಷ್ಟು ಬರಲ್ಲ. ಹಾಗಂತ ಸಿಕ್ಕಿದ ಬೆಲೆಗೆ ಕೊಡೋದೂ ಅಲ್ಲ. ಮಾರೋದಾದರೆ ಹರಾಜಿನಲ್ಲಿ ಈ ಥರದವು ಎಷ್ಟಕ್ಕೆ ಹೋಗಿವೆ ಅಂತ ನೋಡಿಕೊಂಡು ಮಾತಾಡಿ. ಗೀರು ಹೋಗಲಿ ಅಂತ ಪಾಲಿಶ್ ಮಾತ್ರ ಮಾಡಿಸಬೇಡಿ, ಕೈ ಬದಲಾದಾಗ ಕೊಳ್ಳೋರು ಮೊದಲು ನೋಡೋದೇ ತಳ. ಮತ್ತೆ ಕಿಟಕಿ ಪಕ್ಕ ಇಡಬೇಡಿ. ಗಾಜಿನ ಗುಮ್ಮಟ ಬಿಸಿಲನ್ನು ಒಂದೇ ಕಡೆ ಸೇರಿಸುತ್ತೆ, ಹತ್ತಿರ ಇರೋ ಕಾಗದ ಸುಟ್ಟುಹೋಗಬಹುದು.

ಮಂಡಿಪೇಟೆ_ಮೊಮ್ಮಗ:
ಥ್ಯಾಂಕ್ಸ್ ಅಕ್ಕ. ಮಾರಲ್ಲ ಅಂತ ವ್ಯಾಪಾರಿಗೆ ಹೇಳಿದೆ, ಅವನು ರೇಟು ಏರಿಸಿದ್ದಾನೆ.