ಕೇದಾರದ ಕಣಿವೆ ಮೇಲೆ ಹೋದಂತೆ ಅಗಲ ಆಗೋದು ಯಾಕೆ?

ಆಳಂದ ರಸ್ತೆಯ ಅಕ್ಕ, ಕಲಬುರಗಿ

ಹೋದ ಮೇ ತಿಂಗಳಲ್ಲಿ ಅವ್ವನನ್ನು ಕರ್ಕೊಂಡು ಕೇದಾರನಾಥಕ್ಕೆ ಹೋಗಿ ಬಂದೆ. ನಮ್ಮ ಓಣಿಯವರೇ ಹನ್ನೆರಡು ಜನ. ಗೌರಿಕುಂಡದಿಂದ ಅವ್ವ ಕುದುರೆ ಮೇಲೆ, ನಾನು ನಡ್ಕೊಂಡು. ಕೆಳಗೆ ಮಂದಾಕಿನಿ ಎಷ್ಟು ಇಕ್ಕಟ್ಟಿನಲ್ಲಿ ಹರಿಯುತ್ತದೆ ಅಂದರೆ ತಲೆ ಎತ್ತಿದರೆ ಆಕಾಶ ಸೀರೆ ಅಂಚಿನಷ್ಟೇ ಕಾಣುತ್ತದೆ. ಲಿಂಚೋಲಿ ದಾಟಿದ ಮೇಲೆ ನೋಡಿದರೆ ಕಣಿವೆ ಅಗಲ, ತಳ ಚಪ್ಪಟೆ. ಆದರೆ ಹೊಳೆ ಅಲ್ಲಿ ಇನ್ನೂ ಸಣ್ಣದು! ಸಣ್ಣ ಹೊಳೆ ಅಷ್ಟು ದೊಡ್ಡ ಕಣಿವೆಯನ್ನು ಹೇಗೆ ಕೊರೆಯಿತು? ಜೊತೆಗಿದ್ದ ಗೈಡ್ 2013ರ ನೆರೆಯೇ ಹೀಗೆ ಮಾಡಿತು ಅಂದ. ನನಗೆ ನಂಬಿಕೆ ಬರಲಿಲ್ಲ.

ಇನ್ನೊಂದು. ಗುಡಿಯಿಂದ ಸ್ವಲ್ಪ ಮೇಲೆ ಒಂದು ಕಲ್ಲು ಸಿಕ್ಕಿತು. ಒಂದು ಮಗ್ಗುಲು ನುಣುಪು, ಅದರ ಮೇಲೆ ಏಳೆಂಟು ನೇರ ಗೆರೆ, ಎಲ್ಲವೂ ಒಂದೇ ಕಡೆಗೆ. ಯಾರೋ ಮೊಳೆಯಿಂದ ಗೀಚಿದ್ದಾರೆ ಅಂದಳು ಅವ್ವ. ಏನದು?

ಫರ್ಸಿ ಕೆಲಸದವ, ಚಿತ್ತಾಪುರ

ಅಕ್ಕಾರೆ, ಆ ಗೆರೆ ನೋಡಿದಿರಲ್ಲ, ಅಲ್ಲೇ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಇದೆ. ಕಣಿವೆ ಅಗಲ ಮಾಡಿದ್ದು ಹೊಳೆಯೂ ಅಲ್ಲ, ನೆರೆಯೂ ಅಲ್ಲ. ಹಿಮನದಿ, ಅಂದರೆ ಇಳಿಜಾರಿನಲ್ಲಿ ನಿಧಾನವಾಗಿ ಜಾರುವ ಮಂಜುಗಡ್ಡೆಯ ರಾಶಿ.

ನಾನು ಇಪ್ಪತ್ತೆರಡು ವರ್ಷದಿಂದ ನೆಲಕ್ಕೆ ಹಾಸುವ ಶಹಾಬಾದಿ ಫರ್ಸಿ ಕಲ್ಲು ಪಾಲಿಶ್ ಮಾಡುತ್ತಿದ್ದೇನೆ. ಮೊದಲು ಒರಟು ಸಾಣೆಕಲ್ಲು, ಆಮೇಲೆ ನುಣುಪಿನದು. ನುಣುಪಿನ ಹೊತ್ತಲ್ಲಿ ಒರಟು ಕಾಳೊಂದು ಕೆಳಗೆ ಸಿಕ್ಕಿಕೊಂಡರೆ ಮುಗೀತು, ಫರ್ಸಿ ಮೇಲೆ ಗೆರೆ ಬೀಳುತ್ತದೆ. ಹಿಮನದಿಯದ್ದೂ ಅದೇ ಕೆಲಸ. ಬರೀ ಮಂಜುಗಡ್ಡೆ ಕಲ್ಲನ್ನು ಗೀಚುವುದಿಲ್ಲ. ಅದರ ಹೊಟ್ಟೆಯಡಿ ಸಿಕ್ಕಿಕೊಂಡ ಕಲ್ಲು, ಮರಳು ಗೀಚುತ್ತವೆ. ನಮ್ಮ ಮಷೀನ್ ತಿರುಗುತ್ತದೆ, ಅದಕ್ಕೆ ಗೆರೆ ಸುತ್ತಾಗಿ ಬರುತ್ತದೆ. ಹಿಮ ಇಳಿಜಾರಿಗೆ ಒಂದೇ ಕಡೆ ಜಾರುತ್ತದೆ, ಅದಕ್ಕೆ ನೇರ ಗೆರೆ. ಪಾಲಿಶ್ ಮಾಡುವಾಗ ಬೂದು ಬಣ್ಣದ ರಾಡಿ ಹರಿಯುತ್ತಲ್ಲ, ಮಂದಾಕಿನಿ ನೀರು ಅಲ್ಲಲ್ಲಿ ಕಲಗಚ್ಚಿನ ಹಾಗೆ ಕಾಣೋದಕ್ಕೂ ಅದೇ ಕಾರಣ. ಹಿಮದಡಿ ಅರೆದ ಕಲ್ಲಿನ ಹಿಟ್ಟು ಅದು.

ಈಗ ಕಣಿವೆ. ಹೊಳೆ ತನ್ನ ತಳವನ್ನಷ್ಟೇ ಕೊರೆಯುತ್ತದೆ, ಅದಕ್ಕೆ ಕೆಳಗೆ ಇಕ್ಕಟ್ಟು. ಹಿಮ ಹಾಗಲ್ಲ. ಕಣಿವೆ ತುಂಬ ನೂರಾರು ಅಡಿ ದಪ್ಪ ಕೂತು, ತಳವನ್ನೂ ಎರಡೂ ಗೋಡೆಯನ್ನೂ ಉಜ್ಜುತ್ತದೆ. ದನಕ್ಕೆ ನೀರು ಹಾಕುವ ಕಲ್ಲಿನ ದೋಣಿಯ ಆಕಾರ ಬರುತ್ತದೆ. ಈಗ ಚೋರಾಬಾರಿ ಹಿಮನದಿ ಗುಡಿಗಿಂತ ಮೇಲೆ ಸರಿದಿದೆ. ಸುಮಾರು 13 ಸಾವಿರ ವರ್ಷದ ಹಿಂದೆ ಅದು ನೀವು ಹತ್ತಿದ ದಾರಿಯಲ್ಲೇ ಸಿಗುವ ರಾಂಬಾಡಾ ತನಕ, ಅಂದರೆ 2,800 ಮೀಟರ್ ಎತ್ತರದವರೆಗೆ ಇಳಿದಿತ್ತು. ಗುಡಿ ಇರುವುದು 3,580 ಮೀಟರ್ ಹತ್ತಿರ. ನಿಮಗೆ ಇಕ್ಕಟ್ಟು ಎಲ್ಲಿ ಮುಗಿಯಿತು, ಅಗಲ ಎಲ್ಲಿ ಶುರುವಾಯಿತು ಅಂತ ನೆನೆಸಿಕೊಳ್ಳಿ.

ಕರಗಿ ಹಿಂದೆ ಸರಿಯುವಾಗ ಹೊತ್ತದ್ದನ್ನೆಲ್ಲ ಅಲ್ಲೇ ಇಳಿಸುತ್ತದೆ. ಅದಕ್ಕೆ ಮೊರೇನ್ ಅಂತಾರೆ. ಗುಡಿ, ಊರು ಎಲ್ಲ ನಿಂತಿರುವುದು ಹಿಮನದಿಯೂ ಅದರ ನೀರೂ ತಂದು ಹಾಕಿದ ಕಲ್ಲುಮಣ್ಣಿನ ಮೇಲೆ.

ಶಹಾಪುರದ ಹುಡುಗ

ಕಾಕಾ, ಹಾಗಾದರೆ ನಮ್ಮ ಶಹಾಪುರದ ಬೆಟ್ಟದ ಗುಂಡುಗಳನ್ನೂ ಹಿಮವೇ ತಂದಿದ್ದಾ? ಒಂದರ ಮೇಲೊಂದು ಇಟ್ಟ ಹಾಗೇ ಇವೆ.

ಫರ್ಸಿ ಕೆಲಸದವ, ಚಿತ್ತಾಪುರ

ಇಲ್ಲಪ್ಪ. ನಿಮ್ಮೂರ ಆ ಮಲಗಿದ ಬುದ್ಧನ ಬೆಟ್ಟ ನಾನೂ ಹತ್ತಿದ್ದೇನೆ. ಅವೆಲ್ಲ ಅಲ್ಲೇ ಹುಟ್ಟಿದ ಗ್ರಾನೈಟು, ಎಲ್ಲಿಂದಲೂ ಬಂದಿದ್ದಲ್ಲ. ಬಿರುಕಿನಲ್ಲಿ ನೀರು ಇಳಿದು ಮೂಲೆ ಮೊದಲು ಕೊಳೆಯುತ್ತದೆ, ಒಳಗಿನ ಗಟ್ಟಿ ಭಾಗ ಗುಂಡಾಗಿ ಉಳಿಯುತ್ತದೆ. ಒಡೆದು ನೋಡು, ಪಕ್ಕದ ಗುಂಡೂ ಅದೇ ಕಲ್ಲು. ಮೊರೇನ್‌ನಲ್ಲಿ ಹಾಗಿರಲ್ಲ. ಮನೆಯಷ್ಟು ದೊಡ್ಡ ಬಂಡೆ, ಮುಷ್ಟಿಯಷ್ಟು ಕಲ್ಲು, ಹಿಟ್ಟಿನಂಥ ಮಣ್ಣು ಎಲ್ಲ ಒಂದೇ ಗುಡ್ಡೆಯಲ್ಲಿ ಕಲೆಸಿಕೊಂಡಿರುತ್ತವೆ. ನೀರಾದರೆ ದೊಡ್ಡದನ್ನೂ ಸಣ್ಣದನ್ನೂ ಬೇರೆ ಮಾಡಿ ಇಡುತ್ತದೆ, ನಮ್ಮ ಭೀಮಾ ದಂಡೆಯ ಮರಳು ನೋಡಿದ್ದೀಯಲ್ಲ. ಹಿಮ ಆರಿಸಲ್ಲ.

ಆಳಂದ ರಸ್ತೆಯ ಅಕ್ಕ, ಕಲಬುರಗಿ

ಹಾಗಾದರೆ 2013ರ ನೆರೆಗೂ ಇದಕ್ಕೂ ಸಂಬಂಧವೇ ಇಲ್ವಾ ಅಣ್ಣಾ? ಗುಡಿ ಹಿಂದೆ ನಿಂತಿರುವ ದೊಡ್ಡ ಬಂಡೆ, ಆ ಭೀಮಶಿಲೆ?

ಫರ್ಸಿ ಕೆಲಸದವ, ಚಿತ್ತಾಪುರ

ಸಂಬಂಧ ಇದೆ ಅಕ್ಕಾ, ಬಹಳ ಇದೆ. ಮೇಲೆ ಚೋರಾಬಾರಿ ಕೆರೆ ಇತ್ತು, ಗಾಂಧಿ ಸರೋವರ ಅಂತಾರೆ. ಅದರ ಕಟ್ಟೆಯೇ ಮೊರೇನ್. ಗಾರೆ ಇಲ್ಲ, ಸುಮ್ನೆ ಗುಡ್ಡೆ ಬಿದ್ದ ಕಲ್ಲುಮಣ್ಣು. ಮಳೆ ಜಾಸ್ತಿಯಾಗಿ, ಹಿಮವೂ ಕರಗಿ, ಜೂನ್ 17ರ ಬೆಳಿಗ್ಗೆ ಆ ಕಟ್ಟೆ ಒಡೆಯಿತು. ಕೆಳಗೆ ಬಂದಿದ್ದು ಬರೀ ನೀರಲ್ಲ, ಹಿಮನದಿ ಬಿಟ್ಟುಹೋದ ಕಲ್ಲೂ ಬಂತು. ಭೀಮಶಿಲೆಯನ್ನು ಗುಡಿ ಹಿಂದೆ ತಂದು ನಿಲ್ಲಿಸಿದ್ದು ನೆರೆ. ಅದನ್ನು ಅದಕ್ಕೂ ಮೊದಲು ಮೇಲಿನ ಶಿಖರದಿಂದ ಮೊರೇನ್ ಗುಡ್ಡೆವರೆಗೆ ಇಳಿಸಿದ್ದು ಹಿಮವೇ ಇರಬೇಕು ಅನ್ನೋದು ನನ್ನ ಅಂದಾಜು. ಅದನ್ನು ನೆನೆಸಿದಾಗೆಲ್ಲ ಮೈ ಜುಮ್ ಅನ್ನುತ್ತದೆ.

ಆಳಂದ ರಸ್ತೆಯ ಅಕ್ಕ, ಕಲಬುರಗಿ

ಅವ್ವನಿಗೆ ಓದಿ ಹೇಳಿದೆ. ಗೆರೆಯ ಕಲ್ಲಿನ ಫೋಟೋ ಮತ್ತೆ ತೆಗೆದು ನೋಡಿದಳು. ಗೆರೆ ಗುಡಿ ಕಡೆಗೆ ತೋರಿಸ್ತಿವೆ, ಹಿಮ ಆ ಕಡೆ ಹೋಗಿತ್ತೇನು ಅಂತ ಕೇಳ್ತಿದ್ದಾಳೆ.

ಫರ್ಸಿ ಕೆಲಸದವ, ಚಿತ್ತಾಪುರ

ಅವ್ವನವರು ಒಳ್ಳೆಯದನ್ನೇ ಕೇಳಿದ್ದಾರೆ. ಆದರೆ ಬಿಡಿ ಕಲ್ಲು ಎಷ್ಟು ಸಲ ಉರುಳಿದೆಯೋ, ಅದರ ಗೆರೆ ನಂಬೋ ಹಾಗಿಲ್ಲ. ಬುಡ ನೆಲಕ್ಕೆ ಕೂತಿರುವ ಬಂಡೆಯ ಮೇಲೆ ಗೆರೆ ಇದ್ದರೆ ಮಾತ್ರ ಹಿಮ ಯಾವ ಸಾಲಿನಲ್ಲಿ ಜಾರಿತ್ತು ಅಂತ ಹೇಳಬಹುದು. ಮುಂದಿನ ಸಲ ಹೋದರೆ ಬಂಡೆಯನ್ನು ಸ್ವಲ್ಪ ನೀರು ಹಾಕಿ ಒದ್ದೆ ಮಾಡಿ, ಸಂಜೆಯ ಓರೆ ಬಿಸಿಲಿನಲ್ಲಿ ನೋಡಿ. ಗೆರೆ ಎದ್ದು ಕಾಣುತ್ತದೆ.