ಪದಚರ್ಚೆ: ‘ಪರ್ಸನ್ ಸೆಂಟರ್ಡ್ ಪ್ಲ್ಯಾನಿಂಗ್’ – ಫಾರಂ ಮೇಲೆ ಏನು ಬರೆಯೋಣ?

ಮಾನ್ಯರೇ,

ಬೌದ್ಧಿಕ ಅಂಗವೈಕಲ್ಯ ಇರುವವರನ್ನೇ ಕೇಳಿ ಅವರ ಬದುಕಿನ ಪ್ಲ್ಯಾನ್ ಮಾಡುವ ‘ಪರ್ಸನ್ ಸೆಂಟರ್ಡ್ ಪ್ಲ್ಯಾನಿಂಗ್’ಗೆ ಕನ್ನಡದಲ್ಲಿ ಏನನ್ನೋಣ, ಅದರ ಫಾರಂನ ಎರಡು ಕಾಲಂಗಳಿಗೆ ಏನು ಹೆಸರಿಡೋಣ ಅಂತ ಹಿಂದಿನ ಪತ್ರದಲ್ಲಿ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಧನ್ಯವಾದ. ಶಿರಸಿಯ ನಮ್ಮ ಕೇಂದ್ರದ ಫಾರಂ ಶನಿವಾರದ ಪಾಲಕರ ಸಭೆಗೆ ಅಚ್ಚಾಗಿ ಬರಬೇಕು. ಬಂದ ಪದಗಳಲ್ಲಿ ಒಂದೂ ಅದಕ್ಕೆ ಹೊಂದುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

ಹೆಚ್ಚಿನವರು ‘ವ್ಯಕ್ತಿಕೇಂದ್ರಿತ ಯೋಜನೆ’ ಅಂದಿದ್ದೀರಿ. ‘ವ್ಯಕ್ತಿಕೇಂದ್ರಿತ’ ಅನ್ನುವುದನ್ನು ಜನ ಪೇಪರಿನಲ್ಲಿ ಓದುವುದು ರಾಜಕೀಯದ ಸುದ್ದಿಯಲ್ಲಿ, ಅದೂ ಟೀಕೆಯಾಗಿ. ‘ಯೋಜನೆ’ ಅಂದರೆ ಈಗ ಸರ್ಕಾರದ ಸ್ಕೀಮು. ಗೃಹಲಕ್ಷ್ಮಿ ಯೋಜನೆ, ನಿರಾಮಯ ವಿಮಾ ಯೋಜನೆ. ಆ ಹೆಸರಿನ ಫಾರಂ ಕೈಗೆ ಬಂದರೆ ತಾಯಂದಿರು ‘ತಿಂಗಳಿಗೆ ಎಷ್ಟು ಬರ್ತದೆ, ಆಧಾರ್ ತರಬೇಕಾ’ ಅಂತಲೇ ಕೇಳುತ್ತಾರೆ. ಅವರು ಕೇಳುವುದು ನ್ಯಾಯವೇ.

ಅಂಕೋಲೆಯ ಮಾಸ್ತರರು ‘ಆಳುನಡುವಣ ಹಮ್ಮುಗೆ’ ಅಂದರು. ‘ಆಳು’ ಅಂದರೆ ವ್ಯಕ್ತಿ, ‘ಹಮ್ಮುಗೆ’ ಅಂದರೆ ಪ್ಲ್ಯಾನ್ ಅಂತ ಅವರ ಲೆಕ್ಕ. ‘ಆಳು’ವಿನಲ್ಲಿ ‘ಆಳುವವನು’ ಇದ್ದಾನೆ, ಹಾಗಾಗಿ ಅದು ಘನತೆಯ ಪದ ಅಂತ ಉದ್ದಕ್ಕೆ ಬರೆದಿದ್ದಾರೆ. ಮಾಸ್ತರರೇ, ಘಟ್ಟದ ಮೇಲೆ ಆಳು ಅಂದರೆ ಅಡಿಕೆ ತೋಟದ ಕೆಲಸಕ್ಕೆ ಬರುವವರು. ‘ಕೊನೆಕೊಯ್ಲಿಗೆ ಆಳು ಸಿಗ್ತಿಲ್ಲ’ ಅನ್ನುವ ಮಾತು ಕೇಳದ ಮನೆ ಇಲ್ಲ. ಬೌದ್ಧಿಕ ಅಂಗವೈಕಲ್ಯ ಇರುವ ಹುಡುಗರನ್ನು ಮನೆಯಲ್ಲೇ ಕೂಲಿ ಇಲ್ಲದ ಆಳು ಮಾಡಿಕೊಂಡದ್ದನ್ನು ನಾನು ನೋಡಿದ್ದೇನೆ. ಧಾತು ಏನೇ ಹೇಳಲಿ, ಆ ಪದ ಈ ಫಾರಂ ಮೇಲೆ ಬರಬಾರದು. ‘ಹಮ್ಮುಗೆ’ ಓದಿದವರಿಗೆ ನೆನಪಾಗುವುದು ಹಮ್ಮು ಬಿಮ್ಮು. ಹಾಗೆಯೇ ‘ಬುದ್ಧಿಮಾಂದ್ಯ’ ಹಳೆಯ ಕನ್ನಡ ಪದ, ಯಾಕೆ ಬಿಡಬೇಕು ಅಂದವರಿಗೆ ಒಂದೇ ಮಾತು: ಆ ಮಕ್ಕಳಿಗೂ ಅದು ಕೇಳಿಸುತ್ತದೆ.

ಪದಕ್ಕಿಂತ ಮೊದಲು ವಿಷಯ ನೋಡಿ. 1980ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಜಾನ್ ಓಬ್ರಿಯನ್, ಬೆತ್ ಮೌಂಟ್ ಮುಂತಾದವರು ಬೆಳೆಸಿದ ಕ್ರಮ ಇದು. ಅದಕ್ಕೂ ಮುಂಚೆ ಸಂಸ್ಥೆಯಲ್ಲಿ ಏನು ಇದೆಯೋ ಅದಕ್ಕೆ ಮನುಷ್ಯರನ್ನು ಹೊಂದಿಸುತ್ತಿದ್ದರು. ಇಲ್ಲಿ ಅವರನ್ನೇ ಕೂರಿಸಿಕೊಂಡು, ಅವರಿಗೆ ಬೇಕಾದ ಜನರನ್ನು ಕರೆದು, ಹೇಗೆ ಬದುಕಬೇಕು ಅಂತ ಕೇಳುತ್ತಾರೆ. ಮಾತು ಬರದಿದ್ದರೆ ಚಿತ್ರ ತೋರಿಸಿ, ಸನ್ನೆ ನೋಡಿ ತಿಳಿಯುತ್ತಾರೆ. ನೆರವು ಹೊಂದಿಸುವುದು ಆಮೇಲೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೀಮಿತ ಪೋಷಕತ್ವವೂ ಇದೇ ದಾರಿಯದು. ಅದರಲ್ಲಿ ಪೋಷಕರು, ಅಂದರೆ ಕಾನೂನಿನ ಗಾರ್ಡಿಯನ್, ಅಂಗವೈಕಲ್ಯ ಇರುವವರ ಜೊತೆ ಸೇರಿಯೇ ತೀರ್ಮಾನ ಮಾಡಬೇಕು.

ಅದಕ್ಕೇ ನಾನು ಮೊದಲ ಪತ್ರದಲ್ಲಿ ‘.......... ಅವರ ಬದುಕಿನ ಪ್ಲ್ಯಾನ್’ ಅಂತ ಕೇಳಿದ್ದು. ಚುಕ್ಕಿ ಇರುವಲ್ಲಿ ಹೆಸರು ಬರುತ್ತದೆ. ಹೆಸರು ಇದ್ದ ಮೇಲೆ ‘ವ್ಯಕ್ತಿ’ಯೂ ಬೇಡ, ‘ಆಳು’ವೂ ಬೇಡ, ‘ಕೇಂದ್ರ’ವೂ ಬೇಡ. ‘ಪ್ಲ್ಯಾನ್ ಇಂಗ್ಲಿಷು. ಕನ್ನಡಕ್ಕೆ ಬರವೇ?’ ಅಂತ ಕಾರವಾರದವರೊಬ್ಬರು ಒಂದೇ ಸಾಲಲ್ಲಿ ಮುಗಿಸಿದರು. ನಿಮ್ಮ ಮನೆಯ ಬಟಾಟೆ ಎಲ್ಲಿಂದ ಬಂತು? ಚಾವಿ? ಎರಡೂ ಪೋರ್ಚುಗೀಸರ ಪದಗಳೇ ಅಲ್ವಾ? ಮನೆ ಕಟ್ಟುವವರೂ ಮದುವೆ ಮಾಡುವವರೂ ‘ಪ್ಲ್ಯಾನ್’ ಅನ್ನುತ್ತಾರೆ. ನಮ್ಮ ಪಾಲಕರಲ್ಲಿ ಕೊಂಕಣಿ ಮನೆಮಾತಿನವರೂ ಇದ್ದಾರೆ, ಅವರಿಗೂ ತಿಳಿಯುತ್ತದೆ. ಸುಮ್ನೆ ಹೊಸ ಪದ ಹೊಸೆದು ಅದರ ಅರ್ಥ ಹೇಳುತ್ತಾ ಕೂರಲು ಸಭೆಯಲ್ಲಿ ಹೊತ್ತು ಇಲ್ಲ.

ಇನ್ನು ಯಾರೂ ಮುಟ್ಟದ ನನ್ನ ಎರಡನೇ ಪ್ರಶ್ನೆ. ಅದೇ ಜಾಸ್ತಿ ಕಷ್ಟದ್ದು. ಫಾರಂನಲ್ಲಿ ಎರಡು ಕಾಲಂ ಇವೆ. ಇದೇ ಕ್ರಮದಲ್ಲಿ ಕೆಲಸ ಮಾಡಿದ ಅಮೆರಿಕದ ಮೈಕೆಲ್ ಸ್ಮಲ್ ಮಾಡಿದ ವಿಂಗಡಣೆ ಅದು. ಒಂದರಲ್ಲಿ ಅವರ ಮನಸ್ಸಿಗೆ ಮುಖ್ಯವಾದದ್ದು, ಇನ್ನೊಂದರಲ್ಲಿ ಅವರ ಆರೋಗ್ಯ, ಸುರಕ್ಷತೆಗೆ ಮುಖ್ಯವಾದದ್ದು. ಒಬ್ಬ ಹುಡುಗನಿಗೆ ರಾತ್ರಿಯಿಡೀ ಯಕ್ಷಗಾನದ ಆಟ ನೋಡಬೇಕು. ಭಾಗವತರ ಪದ ಕೇಳಿದರೆ ಎದ್ದು ನಿಲ್ಲುತ್ತಾನೆ. ಅದು ಮೊದಲ ಕಾಲಂ. ಅವನಿಗೆ ಫಿಟ್ಸ್ ಇದೆ, ನಿದ್ದೆಗೆಟ್ಟರೆ ಬರುವ ಸಂಭವ ಹೆಚ್ಚು, ಮಾತ್ರೆಯೂ ತಪ್ಪಬಾರದು. ಅದು ಎರಡನೆಯದು. ಎರಡನ್ನೂ ಎದುರಿಗೆ ಬರೆದಿಟ್ಟರೆ ಮಾತ್ರ ‘ಆಟವೇ ಬೇಡ’ ಅನ್ನುವ ಬದಲು, ಮಾತ್ರೆ ಜೊತೆಗೆ ಒಯ್ದು, ಮೊದಲ ಪ್ರಸಂಗ ನೋಡಿ, ಮಾವನ ಬೈಕಿನಲ್ಲಿ ವಾಪಸ್ ಬರೋಣ ಅನ್ನುವ ಮಾತು ಹೊರಡುತ್ತದೆ.

ಇಂಗ್ಲಿಷಿನಲ್ಲಿ ಮೊದಲನೆಯದು ‘ಇಂಪಾರ್ಟೆಂಟ್ ಟು’, ಎರಡನೆಯದು ‘ಇಂಪಾರ್ಟೆಂಟ್ ಫಾರ್’. ಕನ್ನಡದಲ್ಲಿ ಎರಡಕ್ಕೂ ‘ಅವರಿಗೆ ಮುಖ್ಯ’ ಅಂತಲೇ ಆಗುತ್ತದೆ. ‘ಅವರಿಗಾಗಿ ಮುಖ್ಯ’ ಅನ್ನುವುದು ಕನ್ನಡವೇ ಅಲ್ಲ. ‘ಇಷ್ಟ’ ಮತ್ತು ‘ಅಗತ್ಯ’ ಅಂದರೆ ಇಷ್ಟ ಹಗುರ ಆಗುತ್ತದೆ, ಅಗತ್ಯವೇ ಗೆಲ್ಲುತ್ತದೆ. ಸದ್ಯಕ್ಕೆ ‘ನನಗೆ ಇದು ಬೇಕೇ ಬೇಕು’ ಮತ್ತು ‘ನಾನು ಚೆನ್ನಾಗಿರಲು ಇದು ಬೇಕು’ ಅಂತ ಬರೆದಿಟ್ಟಿದ್ದೇನೆ. ಇದಕ್ಕಿಂತ ಚಿಕ್ಕದಾಗಿ, ಎರಡಕ್ಕೂ ಸಮ ತೂಕ ಬರುವ ಹಾಗೆ ಹೊಳೆದರೆ ಶುಕ್ರವಾರ ಮಧ್ಯಾಹ್ನದ ಒಳಗೆ ತಿಳಿಸಿ. ಆಮೇಲೆ ಫಾರಂ ಪ್ರೆಸ್ಸಿಗೆ ಹೋಗುತ್ತದೆ.