ದಿನ ತುಂಬದ ಮಗುವಿನ ಮೂಗಿಗೆ ಪೈಪ್ ಹಾಕಿದ್ದಾರೆ, ಇದು ವೆಂಟಿಲೇಟರಾ?

ಪ್ರಶ್ನೆ (ಸೋಮವಾರಪೇಟೆಯಿಂದ): ಡಾಕ್ಟ್ರೇ, ನನ್ನ ತಂಗಿಗೆ 31 ವಾರಕ್ಕೇ ಹೆರಿಗೆ ಆಯ್ತು. ಗಂಡು ಮಗು, 1,400 ಗ್ರಾಂ. ಹುಟ್ಟಿದಾಗಿಂದ ನರಳ್ತಾ ಇತ್ತು, ಪಕ್ಕೆ ಒಳಗೆ ಎಳೀತಿತ್ತು. ಈಗ ಮೂಗಿಗೆ ಪೈಪ್ ಹಾಕಿ ಸಿಪ್ಯಾಪ್ ಕೊಡ್ತಿದ್ದಾರೆ. ಪಕ್ಕದಲ್ಲಿ ಒಂದು ನೀರಿನ ಬಾಟಲಿ ಸದಾ ಗುಳುಗುಳು ಅಂತಿರುತ್ತೆ. ಮನೇಲಿ ದೊಡ್ಡವರು ವೆಂಟಿಲೇಟರ್ ಹಾಕಿಬಿಟ್ರು, ಇನ್ನು ಆಸೆ ಇಲ್ಲ ಅಂತ ಅಳ್ತಿದ್ದಾರೆ. ನಿಜವಾ?

ಉತ್ತರ (ಮಕ್ಕಳ ಡಾಕ್ಟರ್, ಮಡಿಕೇರಿ): ಇದು ವೆಂಟಿಲೇಟರ್ ಅಲ್ಲ. ಮೊದಲು ಮನೆಯವರಿಗೆ ಒಂದು ಮಾತು ಹೇಳಿ, ಉಸಿರಾಡುತ್ತಿರುವುದು ಮಗುವೇ. ವೆಂಟಿಲೇಟರ್ ಅಂದರೆ ಗಂಟಲೊಳಗೆ ಪೈಪ್ ಇಳಿಸಿ ಮಷೀನಿನಿಂದ ಉಸಿರು ಕೊಡುವುದು. ಸಿಪ್ಯಾಪ್ ಮೂಗಿನ ಹತ್ತಿರವೇ ನಿಲ್ಲುತ್ತದೆ, ಸ್ವಲ್ಪ ಒತ್ತಡದ ಗಾಳಿ ಬಿಡುತ್ತದೆ, ಅಷ್ಟೇ.

ಯಾಕೆ ಬೇಕು ಅಂದರೆ, ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಅಂಟಿಕೊಳ್ಳದ ಹಾಗೆ ಒಳಗೆ ಸರ್ಫ್ಯಾಕ್ಟಂಟ್ ಅನ್ನುವ ಪದಾರ್ಥ ಇರುತ್ತದೆ. ಅದು ಸಾಕಷ್ಟು ತಯಾರಾಗುವುದು 34-35 ವಾರದ ಹೊತ್ತಿಗೆ. ಮಳೆಗಾಲದಲ್ಲಿ ಕಾಫಿ ನರ್ಸರಿಯ ಪ್ಲಾಸ್ಟಿಕ್ ಕವರ್ ಒದ್ದೆಯಾಗಿ ಅಂಟಿಕೊಂಡರೆ ಬಾಯಿ ಬಿಡಿಸೋಕೆ ಎಷ್ಟು ಕಷ್ಟ, ಅಲ್ವಾ? ಈ ಮಗು ಪ್ರತಿ ಉಸಿರಿಗೂ ಅದನ್ನೇ ಮಾಡಬೇಕು, ನಿಮಿಷಕ್ಕೆ ಅರವತ್ತು ಸಲ, ಕೆಲವೊಮ್ಮೆ ಇನ್ನೂ ಜಾಸ್ತಿ. ಅದು ನರಳುವುದು ಬರೀ ನೋವಿಗಲ್ಲ, ಗಂಟಲು ಬಿಗಿಹಿಡಿದು ಸ್ವಲ್ಪ ಗಾಳಿ ಒಳಗೇ ಉಳಿಸಿಕೊಳ್ಳೋಕೆ ಒದ್ದಾಡುತ್ತಿರುತ್ತದೆ. ಸಿಪ್ಯಾಪ್ ಆ ಕೆಲಸವನ್ನು ತಾನು ವಹಿಸಿಕೊಳ್ಳುತ್ತದೆ. ಹೊಸ ಪ್ರಯೋಗವೂ ಅಲ್ಲ ಇದು. ಈ ಒತ್ತಡದ ಚಿಕಿತ್ಸೆ ಬಗ್ಗೆ 1971ರಲ್ಲೇ ಅಮೆರಿಕದ ಡಾ. ಜಾರ್ಜ್ ಗ್ರೆಗರಿ ಮತ್ತು ಜೊತೆಯವರು ಬರೆದರು, 20 ಮಕ್ಕಳಿಗೆ ಕೊಟ್ಟಾಗ 16 ಮಕ್ಕಳು ಉಳಿದವು.

ಆ ಬಾಟಲಿ ನೋಡಿ. ಮಗು ಬಿಟ್ಟ ಗಾಳಿ ಹೋಗುವ ಪೈಪಿನ ತುದಿ ನೀರಿನೊಳಗೆ ಮುಳುಗಿರುತ್ತದೆ. 5 ಸೆಂಟಿಮೀಟರ್ ಆಳಕ್ಕೆ ಮುಳುಗಿಸಿದರೆ ಒತ್ತಡವೂ 5 ಸೆಂಟಿಮೀಟರ್ ನೀರಿನಷ್ಟೇ. ಗುಳುಗುಳು ಬರುತ್ತಿದ್ದರೆ ಗಾಳಿ ಸೋರುತ್ತಿಲ್ಲ ಅಂತ ಅರ್ಥ. ಸದ್ದು ನಿಂತರೆ ಮೂಗಿನ ಪೈಪ್ ಜಾರಿರಬಹುದು, ಮಗು ಬಾಯಿ ತೆರೆದಿರಬಹುದು. ನೀವು ಮುಟ್ಟಬೇಡಿ, ಸಿಸ್ಟರ್‌ಗೆ ಹೇಳಿ.

ಪ್ರಶ್ನೆ (ಅವರೇ): ಹೊಟ್ಟೆ ಉಬ್ಬಿದೆ. ಆಕ್ಸಿಜನ್ 30 ಅಂತ ತೋರಿಸ್ತಿದೆ, ಇನ್ನೂ ಜಾಸ್ತಿ ಮಾಡಿ ಅಂತ ಕೇಳಬಹುದಾ?

ಉತ್ತರ: ದಯವಿಟ್ಟು ಕೇಳಬೇಡಿ. ನಾವು ಉಸಿರಾಡುವ ಗಾಳಿಯಲ್ಲೇ ಆಕ್ಸಿಜನ್ ನೂರಕ್ಕೆ 21 ಪಾಲು ಇರುತ್ತದೆ, ಹಾಗಾಗಿ 30 ದೊಡ್ಡದೇನಲ್ಲ. ದಿನ ತುಂಬದ ಮಗುವಿಗೆ ಆಕ್ಸಿಜನ್ ಅತಿಯಾದರೆ ಕಣ್ಣಿನ ರೆಟಿನಾಗೆ ತೊಂದರೆ. ಅದಕ್ಕೇ ಕಾಲಿಗೆ ಕಟ್ಟಿದ, ರಕ್ತದಲ್ಲಿನ ಆಕ್ಸಿಜನ್ ತೋರಿಸುವ ಮೀಟರ್‌ನಲ್ಲಿ 90ರಿಂದ 95ರೊಳಗೆ ಇರಲಿ ಅಂತ ನೋಡುತ್ತೇವೆ, 100 ಬಂದರೆ ನಮಗೆ ಖುಷಿ ಆಗಲ್ಲ. ಹುಟ್ಟಿ ನಾಲ್ಕು ವಾರದೊಳಗೆ ಕಣ್ಣಿನ ತಪಾಸಣೆ ಆಗಲೇಬೇಕು. ಅಷ್ಟರಲ್ಲಿ ಡಿಸ್ಚಾರ್ಜ್ ಆದರೂ ಬಿಡಬೇಡಿ.

ಹೊಟ್ಟೆಗೆ ಗಾಳಿ ಹೋಗಿ ಉಬ್ಬುವುದು ಇದರಲ್ಲಿ ಸಾಮಾನ್ಯ, ಬಾಯಿಂದ ಹಾಕಿದ ಸಣ್ಣ ಪೈಪ್ ಮೂಲಕ ತೆಗೆಯುತ್ತಾರೆ. ಹೊಟ್ಟೆ ಗಟ್ಟಿಯಾದರೆ, ಹಸಿರು ವಾಂತಿ ಆದರೆ, ಮಲದಲ್ಲಿ ರಕ್ತ ಕಂಡರೆ ಮಾತ್ರ ಬೇರೆ ವಿಷಯ, ತಕ್ಷಣ ಹೇಳಿ. ತಂಗಿ ಹಾಲು ಹಿಂಡಿ ಕೊಡುತ್ತಿರಲಿ, ನಾಲ್ಕು ಹನಿ ಬಂದರೂ ಸರಿ. ಸಿಪ್ಯಾಪ್ ಇದ್ದರೂ ಮಗು ಸ್ಥಿರವಾಗಿದ್ದರೆ ಎದೆಗೆ ಅಪ್ಪಿ ಮಲಗಿಸಿಕೊಳ್ಳಬಹುದು. ಕೇಳಿ ನೋಡಿ, ಸುಮ್ನೆ ಹೊರಗೆ ಕೂತು ಕೊರಗಬೇಡಿ.

ಒಂದು ವಿಷಯಕ್ಕೆ ಮಾತ್ರ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಮಗುವಿಗೆ ಕೊಡಬೇಕಾದ ಆಕ್ಸಿಜನ್ ಏರುತ್ತಲೇ ಹೋದರೆ, ಪದೇ ಪದೇ ಉಸಿರು ನಿಂತರೆ, ಸರ್ಫ್ಯಾಕ್ಟಂಟ್ ಔಷಧಿ ಒಳಗೆ ಬಿಡಬೇಕಾಗಬಹುದು, ವೆಂಟಿಲೇಟರೂ ಬೇಕಾಗಬಹುದು. ತೆಗೆದ ಸಿಪ್ಯಾಪನ್ನು ಮತ್ತೆ ಹಾಕುವುದೂ ಉಂಟು. ಹಾಗಾದರೆ ಕೈ ಚೆಲ್ಲಿದರು ಅಂದುಕೊಳ್ಳಬೇಡಿ.

ಪ್ರಶ್ನೆ (ಭಾಗಮಂಡಲದಿಂದ): ಸರ್, ನನ್ನ ಹೆಂಡತಿಗೆ 30 ವಾರ. ಬೆಳಿಗ್ಗೆಯಿಂದ ಹೊಟ್ಟೆ ಬಿಗಿ ಹಿಡಿದು ಬಿಡ್ತಾ ಇದೆ. ಮಳೆ ಜೋರಿದೆ, ನಾಳೆ ನೋಡೋಣ ಅಂತಿದ್ದಾರೆ ಅತ್ತೆ.

ಉತ್ತರ: ನಾಳೆಗೆ ಇಡಬೇಡಿ, ಈಗಲೇ 108ಕ್ಕೆ ಫೋನ್ ಮಾಡಿ. ನಮ್ಮ ಜಿಲ್ಲೆಯ ರಸ್ತೆ ನಂಬಿ ಕೂರುವ ಹಾಗಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಮಂಗಳೂರು ರಸ್ತೆಯೇ ಬಂದ್ ಆಗಿತ್ತಲ್ಲ. ಹುಟ್ಟಿದ ಮೇಲೆ ಮಗುವನ್ನು ಸಾಗಿಸುವುದಕ್ಕಿಂತ ಹೊಟ್ಟೆಯೊಳಗೇ ಇರುವಾಗ ಕರೆತರುವುದು ಎಷ್ಟೋ ಮೇಲು. ಹೆರಿಗೆ ಬೇಗ ಆಗುವ ಲಕ್ಷಣ ಇದ್ದರೆ ತಾಯಿಗೆ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಡುತ್ತಾರೆ, 12 ಗಂಟೆಗೊಂದರಂತೆ ನಾಲ್ಕು. ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಅದಕ್ಕೆ ಸಮಯ ಬೇಕು, ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ದಿನ ತುಂಬದ ಮಕ್ಕಳನ್ನು ನೋಡಿಕೊಳ್ಳುವ ಘಟಕ ಇರುವ ಆಸ್ಪತ್ರೆಗೇ ಹೋಗಿ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ಜೊತೆಗಿರಲಿ. ಹೊರಟ ಮೇಲೆ ಇಲ್ಲೇ ಒಂದು ಮೆಸೇಜ್ ಹಾಕಿ.